ನೋವಿನ ಮಾತ್ರೆ ನುಂಗಿದ ಸಂಜೆ ನಡುಕ, ಬೆವರು: ಸೆರೊಟೋನಿನ್ ಸಿಂಡ್ರೋಮ್ ಎಂದರೇನು?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಖಿನ್ನತೆಗಾಗಿ ಎರಡು ವರ್ಷಗಳಿಂದ ಎಸ್ಸಿಟಾಲೊಪ್ರಾಮ್ 10 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ತಿಂಗಳು ಸೊಂಟನೋವಿಗೆಂದು ಬೇರೊಬ್ಬ ವೈದ್ಯರು ಬರೆದುಕೊಟ್ಟ ಟ್ರಮಡಾಲ್ ನುಂಗಿದ ಸಂಜೆಯೇ ವಿಪರೀತ ಬೆವರು, ಕಾಲು ನಡುಕ, ಭೇದಿ, ತಳಮಳ ಶುರುವಾದವು. ಆಸ್ಪತ್ರೆಯಲ್ಲಿ ‘ಸೆರೊಟೋನಿನ್ ಸಿಂಡ್ರೋಮ್’ ಎಂದರು. ಎರಡು ದಿನಗಳಲ್ಲಿ ಗುಣವಾಯಿತು. ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಇದೇಕೆ ಬಂತು? ಖಿನ್ನತೆಯ ಮಾತ್ರೆ ನಿಲ್ಲಿಸಬೇಕೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ತಾಯಿಯವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ದದ್ದು ಬಹಳ ಒಳ್ಳೆಯದಾಯಿತು. ಸೆರೊಟೋನಿನ್ ನರಕೋಶಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕ. ಎಸ್ಸಿಟಾಲೊಪ್ರಾಮ್ ಅದು ನರಕೋಶಕ್ಕೆ ಮರಳುವುದನ್ನು ತಡೆದು ಪ್ರಭಾವವನ್ನು ಹೆಚ್ಚಿಸುತ್ತದೆ, ಮತ್ತು ನೋವುನಿವಾರಕವೆಂದೇ ನಾವು ತಿಳಿದಿರುವ ಟ್ರಮಡಾಲ್ ಕೂಡ ಸ್ವಲ್ಪಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ಎರಡೂ ಸೇರಿದಾಗ ಕೆಲವರಲ್ಲಿ ಈ ಪ್ರಭಾವ ಮಿತಿಮೀರುತ್ತದೆ. ಇದೇ ಸೆರೊಟೋನಿನ್ ಸಿಂಡ್ರೋಮ್. ಪ್ಯಾರಾಸಿಟಮಾಲ್ ಜೊತೆ ಬೆರೆಸಿದ ಮಾತ್ರೆಗಳಲ್ಲಿಯೂ ಟ್ರಮಡಾಲ್ ಇರುವುದುಂಟು. ಆದ್ದರಿಂದ ಸ್ಟ್ರಿಪ್‌ನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲೇಬೇಕು. ಕೆಮ್ಮಿನ ಸಿರಪ್‌ಗಳಲ್ಲಿನ ಡೆಕ್ಸ್ಟ್ರೊಮೆಥಾರ್ಫನ್, ಔಷಧನಿರೋಧಕ ಕ್ಷಯಕ್ಕೆ ಕೊಡುವ ಲಿನೆಜೊಲಿಡ್, ಶಸ್ತ್ರಚಿಕಿತ್ಸೆಯ ಸಂದರ್ಭದ ನೋವುನಿವಾರಕ ಪೆಥಿಡಿನ್ ಇವೂ ಇಂಥದೇ ತೊಂದರೆ ತರಬಲ್ಲವು. ಬರೆದುಕೊಡುವ ವೈದ್ಯರು ಇಬ್ಬರಾಗಿ, ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳದೇ ಹೋದಾಗಲೇ ಹೆಚ್ಚಾಗಿ ಹೀಗಾಗುತ್ತದೆ.

ಹೊಸ ಔಷಧ ಶುರುವಾದ ಅಥವಾ ಪ್ರಮಾಣ ಹೆಚ್ಚಿದ 24 ಗಂಟೆಯೊಳಗೆ, ಬಹುಪಾಲು ಮೊದಲ 6 ಗಂಟೆಯಲ್ಲೇ, ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ತಳಮಳ, ಗೊಂದಲ, ಬೆವರು, ಎದೆಬಡಿತ, ಜ್ವರ, ಹಿಗ್ಗಿದ ಕಣ್ಣಪಾಪೆ, ಭೇದಿ ಇವುಗಳ ಜೊತೆಗೆ ಸ್ನಾಯುಗಳ ನಡುಕ ಮುಖ್ಯವಾದದ್ದು. ವೈದ್ಯರು ಪಾದವನ್ನು ಫಕ್ಕನೆ ಮೇಲಕ್ಕೆ ಬಾಗಿಸಿ ಹಿಡಿದಾಗ ಅದು ತಾಳಬದ್ಧವಾಗಿ ಮತ್ತೆಮತ್ತೆ ಅದುರುತ್ತದೆ. ಇದನ್ನು ಕ್ಲೋನಸ್ ಎನ್ನುತ್ತೇವೆ. ರಕ್ತದಲ್ಲಿನ ಸೆರೊಟೋನಿನ್ ಅಳೆದು ಈ ಕಾಯಿಲೆಯನ್ನು ಗುರುತಿಸಲಾಗದು. ರಕ್ತಪರೀಕ್ಷೆಗಳು ಬೇರೆ ಕಾರಣಗಳನ್ನು ತಳ್ಳಿಹಾಕಲು ಮಾತ್ರ ನೆರವಾಗುತ್ತವೆ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡು 2003ರಲ್ಲಿ ಪ್ರಕಟವಾದ, ಈ ಕಾಯಿಲೆಯನ್ನು ಗುರುತಿಸಲು ವೈದ್ಯರು ಬಳಸುವ ಹಂಟರ್ ಮಾನದಂಡಗಳಲ್ಲಿಯೂ ಕ್ಲೋನಸ್‌ಗೇ ಹೆಚ್ಚಿನ ತೂಕವಿದೆ. ಹಾಗಾಗಿ ವೈದ್ಯರು ಕಾಲನ್ನು ಪರೀಕ್ಷಿಸುವುದು, ಯಾವ ಮಾತ್ರೆ ಯಾವಾಗ ನುಂಗಿದಿರಿ ಎಂದು ಕೆದಕಿ ಕೇಳುವುದು ಇವೇ ಇಲ್ಲಿ ನಿರ್ಣಾಯಕ.

ಚಿಕಿತ್ಸೆಯ ಮೊದಲ ಹೆಜ್ಜೆ ಕಾರಣವಾದ ಔಷಧಗಳನ್ನು ನಿಲ್ಲಿಸುವುದು. ಡ್ರಿಪ್, ತಳಮಳ ಮತ್ತು ನಡುಕ ತಗ್ಗಿಸಲು ಲೊರಾಜೆಪಾಮ್‌ನಂಥ ಔಷಧ, ಅಗತ್ಯವಿದ್ದರೆ ಸೆರೊಟೋನಿನ್‌ನ ಪ್ರಭಾವವನ್ನು ತಡೆಯುವ ಸಿಪ್ರೊಹೆಪ್ಟಡಿನ್ ಕೊಡುತ್ತಾರೆ. ನಮ್ಮಲ್ಲಿ ಹಸಿವು ಹೆಚ್ಚಿಸಲೆಂದು ಮಾರಾಟವಾಗುವ ಮಾತ್ರೆಯೇ ಅದು. ಆದರೆ ಮನೆಯಲ್ಲಿ ಅದನ್ನು ಕೊಟ್ಟು ಕಾಯುತ್ತ ಕೂರುವುದು ಅಪಾಯಕರ. ಇಲ್ಲಿನ ಜ್ವರ ಸ್ನಾಯುಗಳ ಅತಿಯಾದ ಚಟುವಟಿಕೆಯಿಂದ ಬರುವುದರಿಂದ ಪ್ಯಾರಾಸಿಟಮಾಲ್‌ಗೆ ಬಗ್ಗುವುದಿಲ್ಲ, ಮೈಯನ್ನು ಹೊರಗಿನಿಂದ ತಂಪುಗೊಳಿಸಬೇಕಾಗುತ್ತದೆ. ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರಾಣಾಪಾಯವಿದೆ. ಅಂಥವರಿಗೆ ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟು ವೆಂಟಿಲೇಟರ್‌ನಲ್ಲಿಡುತ್ತಾರೆ. ಹೆಚ್ಚಿನವರು ಒಂದೆರಡು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ದೇಹದಲ್ಲಿ ವಾರಗಟ್ಟಲೆ ಉಳಿಯುವ ಫ್ಲುಒಕ್ಸೆಟಿನ್ ಎಂಬ ಖಿನ್ನತೆಯ ಔಷಧ ಕಾರಣವಾಗಿದ್ದರೆ ಮಾತ್ರ ತಡವಾಗಬಹುದು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಎರಡು ವರ್ಷ ಸುರಕ್ಷಿತವಾಗಿ ನಡೆದುಕೊಂಡು ಬಂದ ಔಷಧವನ್ನು ಭಯದಿಂದ ನೀವೇ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ರಾಹೀನತೆ ಕಾಡಬಹುದು, ಖಿನ್ನತೆಯೂ ಮರುಕಳಿಸಬಹುದು. ಆಸ್ಪತ್ರೆಯಲ್ಲಿ ಈಗಾಗಲೇ ನಿಲ್ಲಿಸಿದ್ದರೆ ಈ ವಾರವೇ ಮನೋವೈದ್ಯರಿಗೆ ಡಿಸ್ಚಾರ್ಜ್ ಸಮ್ಮರಿ ತೋರಿಸಿ, ಮತ್ತೆ ಯಾವಾಗ, ಎಷ್ಟು ಪ್ರಮಾಣದಲ್ಲಿ ಆರಂಭಿಸಬೇಕೆಂಬುದನ್ನು ಅವರಿಗೇ ಬಿಡಿ. ಟ್ರಮಡಾಲ್‌ನಿಂದ ಹೀಗಾಗಿತ್ತು ಎಂಬುದನ್ನು ತಾಯಿಯವರ ವೈದ್ಯಕೀಯ ಕಡತದ ಮೊದಲ ಪುಟದಲ್ಲೇ ಬರೆಸಿ. ಹಲ್ಲಿನ ವೈದ್ಯರಿಗೂ, ಔಷಧ ಅಂಗಡಿಯವರಿಗೂ ಅದನ್ನು ತೋರಿಸಿ.