ಡಿಸ್ಕ್ ಗಾಲ್ಫ್‌ನಲ್ಲಿ ಎಷ್ಟು ಜೋರಾಗಿ ಎಸೆದರೂ ಡಿಸ್ಕ್ ಎಡಕ್ಕೇ ತಿರುಗಿ ಬೀಳುವುದೇಕೆ?

ಡಿಸ್ಕ್ ಗಾಲ್ಫ್ ಎಂದರೆ ತಟ್ಟೆಯಂಥ ಡಿಸ್ಕನ್ನು ಆದಷ್ಟು ಕಡಿಮೆ ಎಸೆತಗಳಲ್ಲಿ ಸರಪಳಿ ತೂಗಿಬಿಟ್ಟ ಬುಟ್ಟಿಗೆ ಹಾಕುವ ಆಟ. ಡಿಸ್ಕ್ ಎಡಕ್ಕೇ ಬೀಳುವುದೇಕೆ ಎಂದು ಕೇಳಿ ನೀವು ಬರೆದದ್ದು ಇಷ್ಟು: ಬಲಗೈ, ಬ್ಯಾಕ್‌ಹ್ಯಾಂಡ್ ಎಸೆತ (ಕೈಯನ್ನು ಮೈಗೆ ಅಡ್ಡವಾಗಿ ತಂದು ಎಸೆಯುವುದು), ಗೆಳೆಯರು ಕೊಟ್ಟ, ದೂರ ಎಸೆಯಲೆಂದೇ ಮಾಡಿದ ಡೆಸ್ಟ್ರಾಯರ್ ಎಂಬ ಡಿಸ್ಕ್, ಐವತ್ತು ಮೀಟರ್ ಆಗುವಷ್ಟರಲ್ಲಿ ಎಡಗಡೆ ಪೊದೆ. ನೀವು ಬರೆದಿರುವ ಇಷ್ಟರಲ್ಲೇ ಉತ್ತರ ಇದೆ. ತೋಳಿನ ಬಲ ಸಾಲದೇನೋ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಬಲದ ಮಾತು ಆಮೇಲಿನದು. ಆ ಡಿಸ್ಕ್ ಈಗಿನ ನಿಮ್ಮ ಕೈಗೆ ಸಲ್ಲುವುದಲ್ಲ. ಜೊತೆಗೆ ಎಸೆಯುವಾಗ ಅದರ ಮೂತಿ, ಅಂದರೆ ಮುಂದಿನ ಅಂಚು, ಮೇಲೇಳುತ್ತಿರಬೇಕು. ಎರಡೂ ಸೇರಿದರೆ ಅದು ಎಡಕ್ಕೆ ಹೋಗದೆ ಇನ್ನೆಲ್ಲಿ ಹೋದೀತು?

ಡೆಸ್ಟ್ರಾಯರ್ ಮೇಲೆ 12, 5, -1, 3 ಎಂಬ ನಾಲ್ಕು ಅಂಕಿಗಳನ್ನು ನೋಡಿರುತ್ತೀರಿ. ಕ್ರಮವಾಗಿ ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಸ್ಪೀಡ್ 12 ಎಂದರೆ ಡಿಸ್ಕ್ ತಾನಾಗಿ ವೇಗವಾಗಿ ಹೋಗುತ್ತದೆ ಎಂದು ಹೊಸಬರೆಲ್ಲ ಅಂದುಕೊಳ್ಳುತ್ತಾರೆ. ನಿಜ ಅರ್ಥ ಹೆಚ್ಚುಕಮ್ಮಿ ತಿರುಗಾಮುರುಗಾ: ಅಷ್ಟು ವೇಗ ನೀವು ಕೊಟ್ಟರೆ ಮಾತ್ರ ಉಳಿದ ಮೂರು ಅಂಕಿಗಳು ನಿಜವಾಗುತ್ತವೆ. ಗ್ಲೈಡ್ ಎಂದರೆ ತೇಲುವ ಗುಣ. ಟರ್ನ್ ಎಂದರೆ ವೇಗ ಇರುವಾಗ ಬಲಕ್ಕೆ ಎಷ್ಟು ವಾಲುತ್ತದೆ ಎಂಬುದು. ಮೈನಸ್ ಹೆಚ್ಚಿದಷ್ಟೂ ಬಲಕ್ಕೆ ಜಾಸ್ತಿ. ಫೇಡ್ ಎಂದರೆ ವೇಗ ಇಳಿದ ಮೇಲೆ ಎಡಕ್ಕೆ ಎಳೆಯುವುದು. ಎಡಗೈಯವರ ಬ್ಯಾಕ್‌ಹ್ಯಾಂಡ್‌ಗೂ ಬಲಗೈಯವರ ಫೋರ್‌ಹ್ಯಾಂಡ್‌ಗೂ (ಮೈಯ ಬಲಬದಿಯಿಂದ, ಅಂಗೈ ಮುಂದಾಗಿ ಎಸೆಯುವುದು) ಇದೆಲ್ಲ ಅದಲುಬದಲು.

ಕಾರಣಕ್ಕೆ ಬುಗುರಿಯನ್ನು ನೆನೆಸಿಕೊಳ್ಳಿ. ಸುತ್ತುತ್ತಿರುವ ಬುಗುರಿಯನ್ನು ತಳ್ಳಿದರೆ ಅದು ತಳ್ಳಿದ ಕಡೆ ಬೀಳುವುದಿಲ್ಲ, ಅಡ್ಡಕ್ಕೆ ವಾಲುತ್ತದೆ. ಡಿಸ್ಕಿಗೂ ಅದೇ ನಿಯಮ. ವೇಗ ತಗ್ಗಿದಾಗ ಗಾಳಿ ಅದರ ಮುಂದಿನ ಅಂಚನ್ನು ಮೇಲೆತ್ತಲು ನೋಡುತ್ತದೆ. ಪ್ರದಕ್ಷಿಣೆಯಾಗಿ ಸುತ್ತುತ್ತಿರುವ ಡಿಸ್ಕ್ ಮೇಲೇಳುವ ಬದಲು ಎಡಕ್ಕೆ ವಾಲುತ್ತದೆ. ಭರ್ತಿ ವೇಗದಲ್ಲಿ ಗಾಳಿ ಅದೇ ಅಂಚನ್ನು ಕೆಳಕ್ಕೆ ಒತ್ತುವುದರಿಂದ ಬಲಕ್ಕೆ ವಾಲುತ್ತದೆ. ಒಳ್ಳೆಯ ಎಸೆತದಲ್ಲಿ ಬಲಕ್ಕೆ ಸ್ವಲ್ಪ ಸರಿದು ಕೊನೆಗೆ ಎಡಕ್ಕೆ ಬರುವ ‘ಎಸ್’ ಆಕಾರ ಕಾಣುವುದು ಇದರಿಂದಲೇ. ನಿಮ್ಮ ಡೆಸ್ಟ್ರಾಯರ್‌ಗೆ ಮೊದಲರ್ಧ ಸಿಗುತ್ತಲೇ ಇಲ್ಲ. ಕೈ ಬಿಟ್ಟ ಕ್ಷಣದಿಂದ ಅದು ಬರೀ ಫೇಡ್ ಆಗುತ್ತಿದೆ.

ಆದ್ದರಿಂದ ಅದನ್ನು ಎರಡು ಮೂರು ತಿಂಗಳು ಮನೆಯಲ್ಲೇ ಇಡಿ. ಹತ್ತಿರದ ಎಸೆತದ ಒಂದು ಪಟರ್ ಮತ್ತು ಮಧ್ಯಮ ದೂರದ ಒಂದು ಮಿಡ್‌ರೇಂಜ್ ಸಾಕು: ಏವಿಯಾರ್ (2, 3, 0, 1) ಮತ್ತು ಬಝ್ (5, 4, -1, 1) ಎಲ್ಲೆಡೆ ಸಿಗುವ ಜೋಡಿ. ಪಟರ್ ಬರೀ ಬುಟ್ಟಿಯ ಹತ್ತಿರಕ್ಕೆ ಎಂದುಕೊಳ್ಳಬೇಡಿ, ಮೊದಲ ಎಸೆತದ ಜಾಗವಾದ ಟೀಯಿಂದಲೂ ಅದನ್ನೇ ಎಸೆಯಿರಿ. ನಿಧಾನದ ಡಿಸ್ಕ್ ತಪ್ಪನ್ನು ಮುಚ್ಚಿಡುವುದಿಲ್ಲ. ಕೈ ತಿರುಚಿದರೆ ಆಗಲೇ ಒದ್ದಾಡಿ ತೋರಿಸುತ್ತದೆ. ಪಟರ್ ಅರವತ್ತು ಮೀಟರ್ ನೆಟ್ಟಗೆ ಹೋಗತೊಡಗಿದ ಮೇಲೆ ಲೆಪರ್ಡ್ (6, 5, -2, 1) ತರಹದ್ದೊಂದನ್ನು ಕೊಳ್ಳಿ. ತೂಕ 150ರಿಂದ 165 ಗ್ರಾಂ ಇದ್ದರೆ ಹೊಸ ಕೈಗೆ ಹಗುರ. ಗಾಳಿ ಹೆಚ್ಚಿರುವ ಊರಾದರೆ 170ರ ಮೇಲಿರಲಿ.

ಈಗ ಮೂತಿಯ ವಿಷಯ. ಹಾರುವಾಗ ಮುಂದಿನ ಅಂಚು ಹಿಂದಿನದಕ್ಕಿಂತ ಎತ್ತರದಲ್ಲಿದ್ದರೆ ಡಿಸ್ಕ್ ಏರುತ್ತದೆ, ನಿಂತಂತಾಗುತ್ತದೆ, ಎಡಕ್ಕೆ ಜಾರಿ ಬೀಳುತ್ತದೆ. ನೋಡುವವರಿಗೆ ಬಲ ಸಾಲದ ಎಸೆತದಂತೆಯೇ ಕಾಣುತ್ತದೆ, ಹಾಗಾಗಿ ಎಲ್ಲರೂ ಇನ್ನಷ್ಟು ಜೋರು ಮಾಡಿ ಇನ್ನಷ್ಟು ಕೆಡಿಸಿಕೊಳ್ಳುತ್ತಾರೆ. ಮೂರು ಕಡೆ ನೋಡಿ. ಮೊದಲನೆಯದು ಹಿಡಿತ: ಹೆಬ್ಬೆರಳು ಮೇಲಿನ ತಟ್ಟೆಯನ್ನು ಒತ್ತಿರಬೇಕು, ಡಿಸ್ಕ್ ಮುಂಗೈಗೆ ನೇರವಾಗಿ ಮುಂದುವರಿದಂತಿರಬೇಕು. ಎರಡನೆಯದು ಮಣಿಕಟ್ಟು: ಕೈಕುಲುಕಲು ಚಾಚಿ, ಹಾಗೇ ಬೆರಳ ತುದಿಗಳನ್ನು ತುಸು ನೆಲದ ಕಡೆ ಇಳಿಸಿದರೆ ಬರುವ ಬಾಗು ಬೇಕು. ಮಣಿಕಟ್ಟು ಮೇಲಕ್ಕೆ ಮುರಿದಿದ್ದರೆ ಮೂತಿ ಏಳದೆ ಇರದು. ಮೂರನೆಯದು ಮೈಭಾರ: ಎತ್ತರಕ್ಕೆ ಎಸೆಯಬೇಕೆಂದು ಹಿಂದಿನ ಕಾಲಿನ ಮೇಲೆ ಒರಗಿದರೆ ಇಡೀ ಎಸೆತವೇ ಮೇಲ್ಮುಖವಾಗುತ್ತದೆ. ಬಿಡುವ ಹೊತ್ತಿಗೆ ಭಾರವೆಲ್ಲ ಮುಂದಿನ ಕಾಲಿನ ಮೇಲಿರಲಿ.

ತಿದ್ದಿಕೊಳ್ಳಲು ಖಾಲಿ ಮೈದಾನವೇ ವಾಸಿ, ಬುಟ್ಟಿಗಳಿರುವ ಕೋರ್ಸ್ ಅಲ್ಲ. ಓಡಿಬರುವ ಹೆಜ್ಜೆ ಬಿಟ್ಟು ನಿಂತಲ್ಲಿಂದ, ಅರ್ಧ ಬಲದಲ್ಲಿ, ಎದೆಯ ಎತ್ತರದಲ್ಲಿ ಡಿಸ್ಕನ್ನು ನೇರ ಗೆರೆಯಲ್ಲಿ ಎಳೆಯಿರಿ. ಮೈ ಸುತ್ತ ಚಕ್ರ ಬರೆದಂತೆ ಎಳೆದರೆ ಯಾವ ಕ್ಷಣದಲ್ಲಿ ಬಿಡಬೇಕೆಂಬುದೇ ಸಿಗುವುದಿಲ್ಲ. ಹತ್ತು ಎಸೆತದಲ್ಲಿ ಏಳು ಆಳೆತ್ತರ ಮೀರದೆ ನೆಟ್ಟಗೆ ಹೋದ ಮೇಲೆ ಬಲ ಏರಿಸಿ. ಇದು ಬೇಸರದ ಕೆಲಸ, ಒಪ್ಪುತ್ತೇನೆ.

ಗಾಳಿ ಎದುರಿನಿಂದ ಬೀಸುತ್ತಿದ್ದರೆ ಡಿಸ್ಕಿಗೆ ವೇಗ ಹೆಚ್ಚಾದಂತೆಯೇ: ಬಲಕ್ಕೆ ಹೆಚ್ಚು ವಾಲುತ್ತದೆ. ಹಿಂದಿನಿಂದ ಬೀಸಿದರೆ ಬೇಗ ಎಡಕ್ಕೆ ತಿರುಗಿ ಬೇಗ ಇಳಿಯುತ್ತದೆ. ಎದುರುಗಾಳಿಗೆ ಜೋರಾಗಿ ಎಸೆಯುವುದು ಉತ್ತರವಲ್ಲ. ಫೇಡ್ ಹೆಚ್ಚಿರುವ ಡಿಸ್ಕನ್ನು ತಗ್ಗಿನಲ್ಲಿ, ಸಮಾಧಾನವಾಗಿ ಎಸೆಯಿರಿ.

ಇಷ್ಟೆಲ್ಲ ಡ್ರೈವ್, ಅಂದರೆ ದೂರದ ಎಸೆತದ ಬಗ್ಗೆ ಬರೆದೆ, ಆದರೆ ಅಂಕ ಸೋರುವುದು ಬುಟ್ಟಿಯ ಹತ್ತಿರ. ಲೆಕ್ಕಕ್ಕೆ ನೂರು ಮೀಟರಿನ ಎಸೆತವೂ ಒಂದೇ, ಐದು ಮೀಟರಿನಿಂದ ಬುಟ್ಟಿಗೆ ಹಾಕುವ ಪಟ್ಟೂ ಒಂದೇ. ದಿನಾ ಮೂರು ಮೀಟರಿನಿಂದ ಇಪ್ಪತ್ತು, ಐದರಿಂದ ಇಪ್ಪತ್ತು, ಏಳರಿಂದ ಹತ್ತು ಪಟ್ ಮಾಡಿ. ಇಡೀ ಬುಟ್ಟಿಯನ್ನು ನೋಡಬೇಡಿ, ಸರಪಳಿಯ ಒಂದೇ ಕೊಂಡಿಯನ್ನು ನೋಡಿ. ಕೊನೆಯಲ್ಲಿ ಡಿಸ್ಕ್ ಎಡಕ್ಕೆ ಸರಿಯುವುದರಿಂದ ಕಂಬಕ್ಕಿಂತ ಒಂದಿಷ್ಟು ಬಲಗಡೆಯದು. ಸರಪಳಿ ಇರುವುದು ಡಿಸ್ಕಿನ ಓಟವನ್ನು ನುಂಗಿಕೊಳ್ಳಲು. ಈ ಸರಪಳಿಯ ಬುಟ್ಟಿಯನ್ನು ರೂಪಿಸಿದವರು ಎಡ್ ಹೆಡ್ರಿಕ್. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದವರೂ ಅವರೇ. 2002ರಲ್ಲಿ ತೀರಿಕೊಂಡ ಮೇಲೆ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಡಿಸ್ಕುಗಳಲ್ಲೇ ಬೆರೆಸಿ ಅಚ್ಚು ಹಾಕಿದರು! ಬುಟ್ಟಿಯಿಂದ ಹತ್ತು ಮೀಟರ್ ಒಳಗೆ ಒಂದು ನಿಯಮ ನೆನಪಿರಲಿ: ಪಟ್ ಮಾಡಿದ ಮೇಲೆ, ಡಿಸ್ಕ್ ಬಿದ್ದಿದ್ದ ಜಾಗದ ಗುರುತಿನ ಹಿಂದೆ ತೂಕ ತಪ್ಪದೆ ನಿಂತು ತೋರಿಸಿಯೇ ಮುಂದೆ ಹೆಜ್ಜೆ ಇಡಬೇಕು. ಮುಗ್ಗರಿಸಿ ಮುಂದೆ ಬಿದ್ದರೆ ಫೌಲ್.

ಡಿಸ್ಕಿನ ಒಳಮೈಗೆ ನಿಮ್ಮ ಫೋನ್ ನಂಬರ್ ಬರೆಯಿರಿ, ಹಸಿರು ಬಣ್ಣದ್ದು ಕೊಳ್ಳಬೇಡಿ. ನೀವು ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಊರುಗಳಿಗೆ) ಹೊಸಬರು ಎಂದಿದ್ದೀರಿ, ಹಾಗಾಗಿ ಆ ಎಡಗಡೆಯ ಪೊದೆಯ ಬಗ್ಗೆಯೂ ಒಂದು ಮಾತು: ಒಂದೇ ತೊಟ್ಟಿಗೆ ಮೂರು ಎಲೆ ಇರುವ, ಎಷ್ಟೋ ಸಲ ಎಣ್ಣೆ ಸವರಿದಂತೆ ಹೊಳೆಯುವ ಗಿಡ ಅಲ್ಲಿದ್ದರೆ ಕೈ ಹಾಕಬೇಡಿ. ಅದು ಪಾಯ್ಸನ್ ಓಕ್. ಅದರ ಎಣ್ಣೆ ಚರ್ಮಕ್ಕೆ ತಾಗಿದರೆ ಒಂದೆರಡು ದಿನದಲ್ಲಿ ತುರಿಕೆ, ಗುಳ್ಳೆ ಏಳಬಹುದು. ಉದ್ದ ಪ್ಯಾಂಟ್ ಹಾಕಿಕೊಂಡು ಹೋಗಿ, ಡಿಸ್ಕನ್ನು ಕೋಲಿನಿಂದ ಎಳೆದುಕೊಳ್ಳಿ, ಮನೆಗೆ ಬಂದ ತಕ್ಷಣ ಕೈಯನ್ನೂ ಡಿಸ್ಕನ್ನೂ ಸೋಪು ಹಾಕಿ ತೊಳೆಯಿರಿ.