ತಟ್ಟೆಯಲ್ಲಿ ನಿಂತ ರೋಗ ತೋಟದಲ್ಲಿ ಯಾಕೆ ನಿಲ್ಲಲಿಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಬೆಳೆಗೆ ತಗಲುವ ಶಿಲೀಂಧ್ರ ರೋಗಗಳಿಗೆ ಲ್ಯಾಬ್‌ನಲ್ಲಿ ಔಷಧಿ ಪರೀಕ್ಷೆ ಹೇಗೆ ಮಾಡುತ್ತಾರೆ, ಆ ವರದಿಯನ್ನು ಎಷ್ಟು ನಂಬಬಹುದು ಅಂತ. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ. ಉಳಿದ ಉತ್ತರಗಳಿಗೆ ಅದೇ ಬುನಾದಿ, ಹಾಗಾಗಿ ಅದನ್ನು ಬಿಡದೆ ಓದಿ.

ಪ್ರಶ್ನೆ: ಬೆಳ್ಳುಳ್ಳಿ ರಸ ಕೊಳೆರೋಗವನ್ನು ಚೆನ್ನಾಗಿ ತಡೆಯುತ್ತದೆ ಅಂತ ಒಂದು ಲ್ಯಾಬ್ ವರದಿ ಮೊಬೈಲ್‌ಗೆ ಬಂತು. ಫೋಟೊ ಕೂಡ ಇತ್ತು. ಈ ಮಳೆಗಾಲ ಅರ್ಧ ಎಕರೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಬಿಟ್ಟು ಬೆಳ್ಳುಳ್ಳಿ ರಸವನ್ನೇ ಹೊಡೆಸಿದೆ. ಕಾಯಿ ಉದುರುವುದು ನಿಲ್ಲಲೇ ಇಲ್ಲ. ವರದಿ ಸುಳ್ಳಾ? (ಅಡಿಕೆ ಬೆಳೆಗಾರರು, ಸಾಗರ)

ನಿಮ್ಮ ನಷ್ಟ ಕೇಳಿ ನಿಜಕ್ಕೂ ಬೇಜಾರಾಯಿತು. ಆದರೆ ವರದಿ ಸುಳ್ಳಾಗಿರಬೇಕಿಲ್ಲ. ಆ ಪರೀಕ್ಷೆ ಹೇಗೆ ನಡೆದಿರುತ್ತದೆ ಅಂತ ಹೇಳುತ್ತೇನೆ, ತಪ್ಪಿದ್ದು ಎಲ್ಲಿ ಅಂತ ನಿಮಗೇ ಗೊತ್ತಾಗುತ್ತದೆ.

ಲ್ಯಾಬ್‌ನಲ್ಲಿ ಶಿಲೀಂಧ್ರ ಬೆಳೆಸಲು ಅಗರ್ ಎಂಬ ಗಟ್ಟಿ ಗಂಜಿಯಂಥ ಆಹಾರ ಮಾಡುತ್ತಾರೆ. ಸಾಮಾನ್ಯವಾದದ್ದು ಆಲೂಗಡ್ಡೆಯದು. 200 ಗ್ರಾಂ ಆಲೂಗಡ್ಡೆ ಬೇಯಿಸಿದ ನೀರು, 20 ಗ್ರಾಂ ಡೆಕ್ಸ್‌ಟ್ರೋಸ್, ಗಟ್ಟಿಯಾಗಲು 20 ಗ್ರಾಂ ಅಗರ್ ಪುಡಿ, ಎಲ್ಲ ಸೇರಿ ಒಂದು ಲೀಟರ್. ಕೊಳೆರೋಗ ತರುವ ಫೈಟಾಫ್ತೊರಾಕ್ಕೆ ಕ್ಯಾರೆಟ್ ಅಥವಾ ಓಟ್ಸ್ ಅಗರ್ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಇದನ್ನು 121 ಡಿಗ್ರಿ ಶಾಖದಲ್ಲಿ, ದೊಡ್ಡ ಕುಕ್ಕರ್‌ನಂಥ ಆಟೋಕ್ಲೇವ್‌ನಲ್ಲಿ ಬೇಯಿಸಿ ಬೇರೆ ಜೀವಿ ಇರದಂತೆ ಮಾಡುತ್ತಾರೆ. ಸ್ವಲ್ಪ ಆರಿದ ಮೇಲೆ, ಗಟ್ಟಿಯಾಗುವ ಮುಂಚೆ, ಔಷಧಿಯನ್ನು ಅಳತೆ ಮಾಡಿ ಕಲಸುತ್ತಾರೆ. ಆಮೇಲೆ ಪೆಟ್ರಿ ತಟ್ಟೆಗೆ ಸುರಿದು, ನಡುವೆ 5 ಮಿಲಿಮೀಟರ್ ಅಗಲದ ಶಿಲೀಂಧ್ರದ ಬಿಲ್ಲೆ ಇಡುತ್ತಾರೆ. ಔಷಧಿ ಇಲ್ಲದ ತಟ್ಟೆಯೂ ಪಕ್ಕದಲ್ಲಿ ಇರುತ್ತದೆ. ಅದರಲ್ಲಿ ಶಿಲೀಂಧ್ರ ತಟ್ಟೆ ತುಂಬಿದ ದಿನ ಎರಡನ್ನೂ ಅಳೆಯುತ್ತಾರೆ. ಇದಕ್ಕೆ ಪಾಯ್ಸನ್ಡ್ ಫುಡ್ ವಿಧಾನ ಅಂತ ಹೆಸರು. ಶಿಲೀಂಧ್ರ ತಿನ್ನುವ ಅನ್ನದಲ್ಲೇ ವಿಷ ಬೆರೆಸಿದ ಹಾಗೆ.

ಈಗ ನಿಮ್ಮ ತೋಟ ನೆನೆಸಿಕೊಳ್ಳಿ. ತಟ್ಟೆಯಲ್ಲಿ ಶಿಲೀಂಧ್ರದ ಕೆಳಗೆ, ಸುತ್ತ, ಎಲ್ಲೆಲ್ಲೂ ಬೆಳ್ಳುಳ್ಳಿ ರಸ ಇತ್ತು. ತಪ್ಪಿಸಿಕೊಳ್ಳಲು ಅದಕ್ಕೆ ಜಾಗವೇ ಇರಲಿಲ್ಲ. ಅಡಿಕೆ ಕಾಯಿಯ ಮೇಲೆ ಇದ್ದದ್ದು ಒಂದು ತೆಳು ಪದರ ಮಾತ್ರ, ಅದೂ ಆಷಾಢದ ಮಳೆಯಲ್ಲಿ. ಬೆಳ್ಳುಳ್ಳಿಯಲ್ಲಿ ಶಿಲೀಂಧ್ರವನ್ನು ಹೊಡೆಯುವ ಮುಖ್ಯ ವಸ್ತು ಅಲಿಸಿನ್. ಅದು ಬೇಗ ಒಡೆದು ಹೋಗುವ ವಸ್ತು. ತಟ್ಟೆಗೆ ಮುಚ್ಚಳ ಇದೆ, ಒಳಗೆ ಮಳೆ ಬೀಳುವುದಿಲ್ಲ, ಬಿಸಿಲು ತಾಗುವುದಿಲ್ಲ. ನಿಮ್ಮ ಮರದ ತಲೆಗೆ ಯಾವ ಮುಚ್ಚಳ ಇದೆ?

ಇನ್ನೊಂದು ವಿಷಯವೂ ಇದೆ. ತಟ್ಟೆಯಲ್ಲಿ ಅಳೆದದ್ದು ಬಿಳಿ ಎಳೆಗಳ ಬೆಳವಣಿಗೆಯನ್ನು. ತೋಟದಲ್ಲಿ ರೋಗ ಶುರುವಾಗುವುದು ಬೇರೆ ರೀತಿ. ಫೈಟಾಫ್ತೊರಾ ನೀರಿನಲ್ಲಿ ಈಜುವ ಬೀಜಾಣು ಬಿಡುತ್ತದೆ. ಕಾಯಿಯ ಮೇಲಿನ ನೀರಿನ ಪದರದಲ್ಲಿ ಅವು ಈಜಿ ಹೋಗಿ ಕೂರುತ್ತವೆ. ತೊಟ್ಟಿನ ಹತ್ತಿರ ನೀರು ನೆಂದಂಥ ಕಡು ಹಸಿರು ಕಲೆ ಕಾಣುವ ಹೊತ್ತಿಗೆ ಅವು ಒಳಗೆ ಸೇರಿರುತ್ತವೆ. ಹಾಗಾಗಿ ಇಲ್ಲಿ ಗೆಲ್ಲಬೇಕಾದರೆ ಔಷಧಿ ಮೊದಲೇ ಕಾಯಿಯ ಮೇಲೆ ಇರಬೇಕು, ಮಳೆಗೆ ತೊಳೆದು ಹೋಗದೆ ನಿಲ್ಲಬೇಕು. ಬೋರ್ಡೋ ಮಾಡುವುದು ಅದನ್ನೇ. ಅದರ ಮೈಲುತುತ್ತದಲ್ಲಿರುವ ತಾಮ್ರ ಈ ಬೀಜಾಣುಗಳು ಮೊಳೆಯದಂತೆ ತಡೆಯುತ್ತದೆ. ಆದರೆ ಇದೇ ತಾಮ್ರವನ್ನು ಅಗರ್‌ಗೆ ಕಲಸಿದರೆ ಅಲ್ಲಿನ ಆಹಾರದ ಜೊತೆ ಅಂಟಿಕೊಂಡು ಅರ್ಧ ಶಕ್ತಿ ಅಲ್ಲೇ ಕಳೆದುಕೊಳ್ಳಬಹುದು. ಅಂದರೆ ಬರೀ ತಟ್ಟೆ ನೋಡಿ ತೀರ್ಮಾನ ಮಾಡಿದರೆ ಬೆಳ್ಳುಳ್ಳಿಗೆ ಜಾಸ್ತಿ ಅಂಕ, ಬೋರ್ಡೋಗೆ ಕಡಿಮೆ ಅಂಕ ಸಿಗುವ ಸಾಧ್ಯತೆ ಇದೆ. ತೋಟದಲ್ಲಿ ಅದು ತಿರುವುಮುರುವು.

ನಮ್ಮ ಮಲೆನಾಡಿಗೆ ಇದು ಹೊಸ ಪಾಠ ಅಲ್ಲ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ ಕೆಲಸ ಮಾಡಿದರು. ಆಗ ಜನ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಫ್ರಾನ್ಸ್‌ನ ದ್ರಾಕ್ಷಿಗೆ 1885ರ ಹೊತ್ತಿಗೆ ಗೊತ್ತಾಗಿದ್ದ ಬೋರ್ಡೋ ದ್ರಾವಣವನ್ನು ಕೋಲ್ಮನ್ ಅಡಿಕೆಗೆ ತಂದರು. ಔಷಧಿ ಕೆಲಸ ಮಾಡುತ್ತದೆ ಅಂತ ತೋರಿಸಿದರೆ ಸಾಕಾಗಲಿಲ್ಲ, ಮಲೆನಾಡಿನ ಮಳೆಯಲ್ಲಿ ಅದು ಕಾಯಿಯ ಮೇಲೆ ನಿಲ್ಲಬೇಕಿತ್ತು. ಅದಕ್ಕೇ ರಾಳ ಮತ್ತು ಸೋಡಾ ಕುದಿಸಿದ ಅಂಟು ಸೇರಿಸಿದರು. ನನ್ನ ಮಟ್ಟಿಗೆ ಅವರ ಕೆಲಸದಲ್ಲಿ ಅತಿ ದೊಡ್ಡದು ಈ ಅಂಟೇ.

ಒಳ್ಳೆಯ ಲ್ಯಾಬ್‌ಗಳು ತಟ್ಟೆಗೆ ನಿಲ್ಲುವುದಿಲ್ಲ. ಹಸಿ ಅಡಿಕೆ ಕಾಯಿ ತಂದು, ಔಷಧಿ ಸಿಂಪಡಿಸಿ ಒಣಗಿಸಿ, ಅದರ ಮೇಲೆ ನೀರು ಸುರಿದು ಮಳೆಯ ಹಾಗೆ ತೊಳೆದು, ಆಮೇಲೆ ಈಜುವ ಬೀಜಾಣು ಇರುವ ನೀರಿನ ಹನಿ ಇಡುತ್ತಾರೆ. ಆ ಬೀಜಾಣು ಪಡೆಯುವುದೂ ಚೆಂದದ ಕೆಲಸ. ಶಿಲೀಂಧ್ರವನ್ನು ನೀರಿನಲ್ಲಿಟ್ಟು ಸ್ವಲ್ಪ ಹೊತ್ತು ಫ್ರಿಜ್‌ನ ತಂಪಿಗೆ ಇಟ್ಟು ಹೊರಗೆ ತೆಗೆದರೆ ಬೀಜಾಣು ಹೊರಬಂದು ಈಜತೊಡಗುತ್ತವೆ. ಮುಂದಿನ ಸಲ ಯಾರಾದರೂ ವರದಿ ಕಳಿಸಿದರೆ ಕೇಳಿ: ತಟ್ಟೆಯಲ್ಲಿ ಮಾತ್ರ ನೋಡಿದ್ದಾ, ಕಾಯಿಯ ಮೇಲೂ ನೋಡಿದ್ದಾ, ಮರದಲ್ಲಿ ಎಷ್ಟು ವರ್ಷ ನೋಡಿದ್ದಾ?

ಮುಂದಿನ ವರ್ಷಕ್ಕೆ ಮತ್ತೆ ಬೋರ್ಡೋಗೇ ಬನ್ನಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿಯಿರಿ. ಹೊಳೆಯುವ ಚಾಕು ಅದ್ದಿ ನೋಡಿ. ಕೆಂಪು ಕಲೆ ಹಿಡಿದರೆ ಇನ್ನೂ ಸುಣ್ಣ ಬೇಕು. ಮಾಡಿದ ದಿನವೇ ಮುಗಿಸಿ. ಮಳೆ ಹಿಡಿಯುವ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಬೆಳ್ಳುಳ್ಳಿ ರಸದ ಮೇಲೆ ಆಸೆ ಬಿಟ್ಟಿಲ್ಲ ಅಂದರೆ ನಾಲ್ಕು ಮರದಲ್ಲಿ ಪ್ರಯತ್ನ ಮಾಡಿ, ಅರ್ಧ ಎಕರೆಯಲ್ಲಿ ಬೇಡ.

ಪ್ರಶ್ನೆ: ಕಾಳುಮೆಣಸಿಗೆ ಸೊರಗು ರೋಗ ಬಂತು. ಅಂಗಡಿಯವರು ಕಾರ್ಬೆಂಡಜಿಂ ಕೊಟ್ಟರು, ಆಮೇಲೆ ಹೆಕ್ಸಾಕೊನಜೋಲ್ ಕೊಟ್ಟರು. ಎರಡೂ ಒಳ್ಳೆಯ ಔಷಧಿ ಅಂತಾರೆ. ಬಳ್ಳಿ ಉಳಿಯಲಿಲ್ಲ. (ಕೊಡಗಿನ ಓದುಗರು)

ಔಷಧಿ ಒಳ್ಳೆಯದೇ. ಶತ್ರು ಬೇರೆ. ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೂ ಫೈಟಾಫ್ತೊರಾ ಕುಲದ ಜೀವಿಯೇ ಕಾರಣ. ನಾವು ಮಾತಿಗೆ ಶಿಲೀಂಧ್ರ ಅಂತೀವಿ, ಆದರೆ ನಿಜವಾದ ಶಿಲೀಂಧ್ರಗಳ ಗುಂಪಿಗೆ ಇದು ಸೇರುವುದಿಲ್ಲ. ಹೆಕ್ಸಾಕೊನಜೋಲ್‌ನಂಥ ಔಷಧಿಗಳು ಶಿಲೀಂಧ್ರ ಎರ್ಗೊಸ್ಟಿರಾಲ್ ಎಂಬ ಕೊಬ್ಬಿನ ವಸ್ತು ತಯಾರಿಸುವುದನ್ನು ತಡೆದು ಕೊಲ್ಲುತ್ತವೆ. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಇಲ್ಲದ ಬಾಗಿಲಿಗೆ ಬೀಗ ಹಾಕಿದ ಹಾಗಾಯಿತು, ಅಲ್ವಾ? ಕಾರ್ಬೆಂಡಜಿಂ ಕಥೆಯೂ ಹೀಗೇ, ಈ ಗುಂಪಿನ ಮೇಲೆ ಅದು ಕೆಲಸ ಮಾಡುವುದಿಲ್ಲ.

ಕಾಳುಮೆಣಸಿಗೆ ಶಿಫಾರಸಿನಲ್ಲಿ ಇರುವುದು 1 ಪರ್ಸೆಂಟ್ ಬೋರ್ಡೋ ಸಿಂಪಡಣೆ, ಬುಡಕ್ಕೆ ಮೆಟಲಾಕ್ಸಿಲ್–ಮ್ಯಾಂಕೊಜೆಬ್ ಲೀಟರಿಗೆ 1.25 ಗ್ರಾಂ, ಇಲ್ಲವೇ ಪೊಟ್ಯಾಸಿಯಂ ಫಾಸ್ಫೊನೇಟ್ ಲೀಟರಿಗೆ 3 ಮಿಲಿ. ಈ ಫಾಸ್ಫೊನೇಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮಾಮೂಲಿ ಅಗರ್ ತಟ್ಟೆಯಲ್ಲಿ ಇದು ಅಷ್ಟೇನೂ ಜೋರಾಗಿ ಕಾಣುವುದಿಲ್ಲ. ತಟ್ಟೆಯ ಆಹಾರದಲ್ಲಿರುವ ಫಾಸ್ಫೇಟ್ ಅದಕ್ಕೆ ಅಡ್ಡ ಬರುತ್ತದೆ. ಅದೂ ಅಲ್ಲದೆ ಈ ಔಷಧಿಯ ಒಂದು ಪಾಲು ಕೆಲಸ ಬಳ್ಳಿಯ ಸ್ವಂತ ರಕ್ಷಣೆಯನ್ನು ಎಬ್ಬಿಸುವುದು. ತಟ್ಟೆಯಲ್ಲಿ ಬಳ್ಳಿಯೇ ಇಲ್ಲವಲ್ಲ! ಕಾಳುಮೆಣಸಿನ ಎಲೆ ಕಿತ್ತು ತಂದು, ಅಥವಾ ಪಾಲಿಥಿನ್ ಚೀಲದ ಗಿಡದಲ್ಲಿ ಪರೀಕ್ಷೆ ಮಾಡಿದರೆ ಮಾತ್ರ ಇದರ ನಿಜವಾದ ಬೆಲೆ ಗೊತ್ತಾಗುತ್ತದೆ. ಬಳ್ಳಿ ಪೂರಾ ಬಾಡಿದ ಮೇಲೆ ಮಾತ್ರ ಇವು ಯಾವುದೂ ಉಳಿಸುವುದಿಲ್ಲ. ಮಳೆ ಶುರುವಾಗುವ ಹೊತ್ತಿಗೇ ಹಾಕಬೇಕು, ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ಇರಬೇಕು.

ಪ್ರಶ್ನೆ: ತೊಗರಿ ನೆಟೆ ರೋಗಕ್ಕೆ ಟ್ರೈಕೋಡರ್ಮಾ ತಂದಿದ್ದೇನೆ. ಅದು ಜೀವಂತ ಇದೆಯೋ ಇಲ್ಲವೋ ಹೇಗೆ ತಿಳಿಯುವುದು? ಕಾರ್ಬೆಂಡಜಿಂ ಜೊತೆ ಬೀಜಕ್ಕೆ ಹಚ್ಚಬಹುದಾ? (ಕಲಬುರಗಿ ರೈತರು)

ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ, ರೋಗದ ಶಿಲೀಂಧ್ರವನ್ನು ಅಡಗಿಸುವ ಶಿಲೀಂಧ್ರ. ಕಾರ್ಬೆಂಡಜಿಂಗೆ ನೆಟೆ ತರುವ ಫ್ಯುಸೇರಿಯಂ ಯಾವುದು, ನಿಮ್ಮ ಗೆಳೆಯ ಯಾವುದು ಅಂತ ಗೊತ್ತಾಗುವುದಿಲ್ಲ. ಇದನ್ನೂ ಲ್ಯಾಬ್‌ನಲ್ಲಿ ಮೇಲೆ ಹೇಳಿದ ವಿಧಾನದಲ್ಲೇ ನೋಡುತ್ತಾರೆ. ಔಷಧಿ ಕಲಸಿದ ತಟ್ಟೆಯ ನಡುವೆ ರೋಗದ ಬದಲು ಟ್ರೈಕೋಡರ್ಮಾ ಬಿಲ್ಲೆ ಇಡುತ್ತಾರೆ, ಅಷ್ಟೇ ವ್ಯತ್ಯಾಸ.

ಜೀವ ಇದೆಯಾ ಅಂತ ನೋಡಲು ಪ್ಯಾಕೆಟ್‌ನ ಪುಡಿಯನ್ನು ನೀರಿನಲ್ಲಿ ಹತ್ತು ಪಟ್ಟು, ನೂರು ಪಟ್ಟು, ಹೀಗೆ ಲಕ್ಷ ಪಟ್ಟು ತನಕ ತೆಳು ಮಾಡಿ ತಟ್ಟೆಗೆ ಹಾಕುತ್ತಾರೆ. ಲಕ್ಷ ಪಟ್ಟು ತೆಳು ಮಾಡಿದ ಒಂದು ಮಿಲಿಯಲ್ಲಿ 20 ಚುಕ್ಕೆ ಬೆಳೆದರೆ ಗ್ರಾಂಗೆ 20 ಲಕ್ಷ ಜೀವಕಣ ಅಂತ ಲೆಕ್ಕ. ನಮ್ಮ ದೇಶದಲ್ಲಿ ಗ್ರಾಂಗೆ ಕನಿಷ್ಠ ಇಷ್ಟಾದರೂ ಇರಬೇಕು. ಮನೆಯಲ್ಲಿ ಅನ್ನದ ಮೇಲೆ ಉದುರಿಸಿ ಹಸಿರು ಬಂತು ಅಂತ ನಂಬಬೇಡಿ. ಹಸಿರು ಬೂಷ್ಟು ಬೇರೆ ಎಷ್ಟೋ ಇವೆ. ತಯಾರಾದ ದಿನಾಂಕ ನೋಡಿ, ಬಿಸಿಲಿಗೆ ಬಿದ್ದಿದ್ದ ಪ್ಯಾಕೆಟ್ ತಗೋಬೇಡಿ. ಅನುಮಾನ ಇದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ತಟ್ಟೆಯ ಒಂದು ಬದಿಗೆ ಫ್ಯುಸೇರಿಯಂ, ಇನ್ನೊಂದು ಬದಿಗೆ ಟ್ರೈಕೋಡರ್ಮಾ ಇಟ್ಟರೆ ಕೆಲವೇ ದಿನದಲ್ಲಿ ಟ್ರೈಕೋಡರ್ಮಾ ಜಾಗ ಹಿಡಿದು ಅದರ ಮೇಲೇ ಹತ್ತಿ ಬೆಳೆಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಖುಷಿ ಕೊಡುವ ನೋಟ ಅದು. ಆದರೆ ತಟ್ಟೆಯಲ್ಲಿ ಅದಕ್ಕೆ ಊಟ ಹೇರಳ. ಸಾವಯವ ಗೊಬ್ಬರವೇ ಇಲ್ಲದ ಒಣ ಎರೆ ಭೂಮಿಯಲ್ಲಿ ಅದು ಏನು ತಿಂದು ಬೆಳೆಯಬೇಕು? ಬೀಜಕ್ಕೆ ಕೆಜಿಗೆ 4 ಗ್ರಾಂ ಹಚ್ಚುವುದರ ಜೊತೆಗೆ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ನೆರಳಲ್ಲಿ ಹಸಿಯಾಗಿ ಎರಡು ವಾರ ಇಟ್ಟು ಹೊಲಕ್ಕೆ ಹಾಕಿ. ನೆಟೆ ಪ್ರತಿ ವರ್ಷ ಬರುವ ಹೊಲವಾದರೆ ಮಾರುತಿಯಂಥ ರೋಗ ತಡೆಯುವ ತಳಿ ಬಿತ್ತಿ. ಅದಕ್ಕಿಂತ ಅಗ್ಗದ ಔಷಧಿ ಇಲ್ಲ.

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ಭತ್ತದ ಬೆಂಕಿ ರೋಗದ ಮೇಲೆ ಔಷಧಿ ಪರೀಕ್ಷೆ ಮಾಡುತ್ತಿದ್ದೇನೆ. ಟ್ರೈಸೈಕ್ಲಜೋಲ್ ತಟ್ಟೆಯಲ್ಲಿ ಶಿಲೀಂಧ್ರ ಆರಾಮಾಗಿ ಬೆಳೆದಿದೆ. ನಾನು ಎಲ್ಲಿ ತಪ್ಪಿದೆ? (ಕೃಷಿ ಪದವಿ ವಿದ್ಯಾರ್ಥಿನಿ)

ಬಹುಶಃ ತಪ್ಪೇ ಆಗಿಲ್ಲಮ್ಮ. ಬಣ್ಣ ಗಮನಿಸಿದೆಯಾ? ಕಪ್ಪು ಬೂದಿ ಬಣ್ಣ ಹೋಗಿ ಕೆಂಪು ಕಂದು ಬಂದಿದ್ದರೆ ಔಷಧಿ ಕೆಲಸ ಮಾಡುತ್ತಿದೆ. ಈ ಶಿಲೀಂಧ್ರ ಭತ್ತದ ಎಲೆ ಚುಚ್ಚುವುದು ಒಂದು ಗುಂಡನೆಯ ಅಂಗದ ಒಳಗಿನ ಒತ್ತಡದಿಂದ. ಆ ಒತ್ತಡ ಹಿಡಿಯಲು ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತುವಿನ ಗೋಡೆ ಬೇಕು. ಟ್ರೈಸೈಕ್ಲಜೋಲ್ ಆ ಮೆಲನಿನ್ನನ್ನೇ ತಡೆಯುತ್ತದೆ. ತಟ್ಟೆಯಲ್ಲಿ ಚುಚ್ಚುವ ಕೆಲಸವೇ ಇಲ್ಲ, ಹಾಗಾಗಿ ಬೆಳೆಯುತ್ತಲೇ ಇರುತ್ತದೆ. ನಿನ್ನ ಪರೀಕ್ಷೆಗೆ ಭತ್ತದ ಸಸಿಯನ್ನೂ ಸೇರಿಸಿಕೋ.

ಉಳಿದಂತೆ, ಪ್ರತಿ ಪ್ರಮಾಣಕ್ಕೂ ಕನಿಷ್ಠ ಮೂರು ತಟ್ಟೆ ಇಡು, ನಾಲ್ಕಾದರೆ ಒಳ್ಳೆಯದು. ಔಷಧಿಯನ್ನು ಅಸಿಟೋನ್‌ನಲ್ಲಿ ಕರಗಿಸಿದ್ದರೆ ಔಷಧಿ ಇಲ್ಲದ ಕಂಟ್ರೋಲ್ ತಟ್ಟೆಗೂ ಅಷ್ಟೇ ಅಸಿಟೋನ್ ಹಾಕು. ಕಂಟ್ರೋಲ್ 90 ಮಿಲಿಮೀಟರ್, ಔಷಧಿ ತಟ್ಟೆ 18 ಆದರೆ ವ್ಯತ್ಯಾಸ 72; ಅದನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 80 ಪರ್ಸೆಂಟ್ ತಡೆ. ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಬರೆಯುವಾಗ ಪುಡಿಯ ತೂಕವೋ, ಅದರೊಳಗಿನ ಔಷಧಿಯ ತೂಕವೋ ಸ್ಪಷ್ಟ ಮಾಡು. 75 ಪರ್ಸೆಂಟ್ ಮ್ಯಾಂಕೊಜೆಬ್ ಲೀಟರಿಗೆ 2 ಗ್ರಾಂ ಅಂದರೆ ನಿಜವಾದ ಔಷಧಿ 1500 ಪಿಪಿಎಂ, 2000 ಅಲ್ಲ. ಇನ್ನು ಯಾವ ತಟ್ಟೆಯಲ್ಲಿ ಬೆಳವಣಿಗೆ ಸೊನ್ನೆಯೋ, ಅಲ್ಲಿನ ಬಿಲ್ಲೆ ತೆಗೆದು ಔಷಧಿ ಇಲ್ಲದ ತಟ್ಟೆಗೆ ಹಾಕಿ ನೋಡು. ಮತ್ತೆ ಬೆಳೆದರೆ ಅದು ಸತ್ತಿರಲಿಲ್ಲ, ಸುಮ್ನೆ ಮಲಗಿತ್ತು ಅಂತ ಅರ್ಥ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನೀನು ಬಿಡಬೇಡ.

ಪ್ರಶ್ನೆ: ಕೊಳೆತ ಶುಂಠಿ ಗಿಡ ಲ್ಯಾಬ್‌ಗೆ ಕಳಿಸಿದೆ. ‘ಬರೀ ಬ್ಯಾಕ್ಟೀರಿಯಾ ಬೆಳೆಯಿತು, ರೋಗ ಗೊತ್ತಾಗಲಿಲ್ಲ’ ಅಂದರು. ಈಗ ಏನು ಮಾಡಲಿ? (ಹಾಸನದ ಓದುಗರು)

ಪೂರ್ತಿ ಕೊಳೆತ ಗಿಡ ಕಳಿಸಿದ್ದೀರಿ ಅನಿಸುತ್ತದೆ. ಸತ್ತ ಭಾಗದಲ್ಲಿ ಕೊಳೆತದ್ದನ್ನು ತಿನ್ನುವ ಜೀವಿಗಳೇ ತುಂಬಿರುತ್ತವೆ. ರೋಗದ ಜೀವಿ ಸಿಗುವುದು ಕೊಳೆತ ಭಾಗ ಮತ್ತು ಚೆನ್ನಾಗಿರುವ ಭಾಗ ಸೇರುವ ಅಂಚಿನಲ್ಲಿ. ಆದರೆ ಶುಂಠಿಯಲ್ಲಿ ಬ್ಯಾಕ್ಟೀರಿಯಾದಿಂದಲೇ ಬರುವ ಸೊರಗು ರೋಗವೂ ಇದೆ, ಅದನ್ನು ಮೊದಲು ನೀವೇ ನೋಡಬಹುದು. ಈಗಷ್ಟೇ ಬಾಡಲು ಶುರುವಾದ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ. ಆಗ ಶಿಲೀಂಧ್ರದ ಔಷಧಿಗೆ ದುಡ್ಡು ಹಾಕಬೇಡಿ. ಎಳೆ ಬರಲಿಲ್ಲ ಅಂದರೆ ಪಿಥಿಯಂನ ಮೆದು ಕೊಳೆ ಇರಬಹುದು, ಲ್ಯಾಬ್‌ಗೆ ಮತ್ತೆ ಕಳಿಸಿ.

ಈ ಸಲ ಕಾಯಿಲೆ ಶುರುವಾದ ಎರಡು ಮೂರು ಗಿಡ ಬೇರು, ಮಣ್ಣು ಸಮೇತ ಅಗೆದು ತೆಗೆಯಿರಿ. ಒದ್ದೆ ಮಾಡಬೇಡಿ, ಪ್ಲಾಸ್ಟಿಕ್ ಕವರ್ ಕಟ್ಟಬೇಡಿ, ಬೆವತು ದಾರಿಯಲ್ಲೇ ಕೊಳೆಯುತ್ತದೆ. ಪೇಪರ್‌ನಲ್ಲಿ ಸುತ್ತಿ. ಹಿಂದಿನ ಹದಿನೈದು ದಿನದಲ್ಲಿ ಏನೇನು ಹೊಡೆದಿರಿ ಅಂತ ಚೀಟಿ ಬರೆದು ಜೊತೆಗಿಡಿ. ಔಷಧಿ ಬಿದ್ದ ಗಿಡದಿಂದ ಶಿಲೀಂಧ್ರ ಸಲೀಸಾಗಿ ಏಳುವುದಿಲ್ಲ, ಅದು ಗೊತ್ತಿದ್ದರೆ ಲ್ಯಾಬ್‌ನವರು ಬೇರೆ ರೀತಿ ಪ್ರಯತ್ನಿಸುತ್ತಾರೆ. ಶನಿವಾರ ಕಳಿಸಿದರೆ ಭಾನುವಾರ ಪೂರ್ತಿ ಆಫೀಸ್ ಬಾಗಿಲಲ್ಲೇ ಬಿದ್ದಿರುತ್ತದೆ. ಸೋಮವಾರ ಬೆಳಿಗ್ಗೆ ಅಗೆದು, ಅವತ್ತೇ ಕೈಯಲ್ಲೇ ಕೊಟ್ಟು ಬನ್ನಿ.