ಕಿಚನರ್ ರೇಂಜರ್ಸ್ ಯಾರ ತಂಡ?

"ಕೆನಡಾದ ಕಿಚನರ್‌ಗೆ ಹೊಸದಾಗಿ ಬಂದಿದ್ದೇನೆ. ಆಫೀಸಲ್ಲಿ ಎಲ್ಲರ ಬಾಯಲ್ಲೂ ರೇಂಜರ್ಸ್. ನೋಡಿದರೆ ಅದು ಹದಿನೇಳು ಹದಿನೆಂಟರ ಹುಡುಗರ ಐಸ್ ಹಾಕಿ ತಂಡ. ಊರಿಗೆ ಊರೇ ಯಾಕೆ ಹೀಗೆ ಹಚ್ಚಿಕೊಂಡಿದೆ, ಇದರ ಇತಿಹಾಸ ಏನು?" ಅಂತ ಕೇಳಿದ್ದೀರಿ. ನಾನು ಪಕ್ಕದ ವಾಟರ್ಲೂನಲ್ಲಿ ಇರುವವನು. ಬಂದ ಹೊಸದರಲ್ಲಿ ನನಗೂ ಇದೇ ಪ್ರಶ್ನೆ ಇತ್ತು.

ಮೊದಲ ಸಲ ಮ್ಯಾಚಿಗೆ ಹೋಗಿದ್ದು ಒಂದು ಜನವರಿಯ ಶುಕ್ರವಾರ ರಾತ್ರಿ. ಗಾಜಿನ ಹತ್ತಿರದ ಸೀಟು ಸಿಕ್ಕಿತ್ತು. ಹಾಕಿಯ ಪಕ್ ಅಂದರೆ ಗಟ್ಟಿ ರಬ್ಬರಿನ ಒಂದು ಬಿಲ್ಲೆ, ಅದು ಗಾಜಿಗೆ ಬಡಿದಾಗ ಬರುವ ಸದ್ದು ಟಿವಿಯಲ್ಲಿ ಗೊತ್ತೇ ಆಗುವುದಿಲ್ಲ, ಎದೆಗೇ ಬಡಿದ ಹಾಗೆ ಆಗುತ್ತದೆ. ಪಕ್ಕದಲ್ಲಿ ಒಬ್ಬರು ವಯಸ್ಸಾದವರು, ಸೀಟಿನ ಮೇಲೆ ಮಡಚಿದ ಕಂಬಳಿ ಹಾಕಿಕೊಂಡು ಆರಾಮಾಗಿ ಕೂತಿದ್ದರು. ಐಪಿಎಲ್ ನೋಡಿ ಬೆಳೆದ ನಾನು ಮಾತಿಗೆ ಮಾತು ಬಂದು, ಈ ತಂಡದ ಓನರ್ ಯಾರು ಅಂತ ಕೇಳಿದೆ. ಅವರು ತಮ್ಮ ಎದೆ ಮುಟ್ಟಿ ತೋರಿಸಿ "ನಾನು" ಅಂದರು. ಆಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸನ್ನು ತೋರಿಸಿ "ಅವರೂ" ಅಂದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆದರೆ ಅದು ನಿಜ. ಈ ತಂಡಕ್ಕೆ ಧಣಿ ಅಂತ ಒಬ್ಬರಿಲ್ಲ. ಸೀಸನ್ ಟಿಕೆಟ್ ತೆಗೆದುಕೊಂಡವರೇ ತಂಡದ ಮಾಲೀಕರು, ಅವರೇ ಓಟು ಹಾಕಿ ಬೋರ್ಡ್ ಆರಿಸುತ್ತಾರೆ, ಲಾಭ ಯಾರ ಜೇಬಿಗೂ ಹೋಗುವುದಿಲ್ಲ. ನಮ್ಮ ಹಳ್ಳಿಗಳ ಹಾಲಿನ ಸೊಸೈಟಿ ನೆನಪಿಸಿಕೊಳ್ಳಿ. ಹಾಲು ಹಾಕುವವರೇ ಸದಸ್ಯರು, ಅವರೇ ಕಮಿಟಿ ಮಾಡಿಕೊಳ್ಳುತ್ತಾರೆ ಅಲ್ವಾ? ಹೆಚ್ಚೂಕಮ್ಮಿ ಹಾಗೆಯೇ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ ಅಂತ ನನ್ನ ನಂಬಿಕೆ.

ಈಗ ಇತಿಹಾಸ. ತಂಡದ ಬೇರು ಕಿಚನರ್‌ನಲ್ಲಿ ಇಲ್ಲ, ಹತ್ತಿರದ ಗ್ವೆಲ್ಫ್ ಊರಲ್ಲಿದೆ. ಅಲ್ಲಿ ಬಿಲ್ಟ್‌ಮೋರ್ ಅನ್ನುವ ಟೋಪಿ ಕಂಪನಿ ಇತ್ತು, ಅದರ ಹೆಸರಿನಲ್ಲೇ ಒಂದು ಜೂನಿಯರ್ ತಂಡ ಆಡುತ್ತಿತ್ತು. ಆಗ ಎನ್‌ಎಚ್‌ಎಲ್, ಅಂದರೆ ಅಮೆರಿಕ ಕೆನಡಾದ ದೊಡ್ಡ ವೃತ್ತಿಪರ ಹಾಕಿ ಲೀಗ್‌ನ ತಂಡಗಳು ಜೂನಿಯರ್ ತಂಡಗಳನ್ನು ಸಾಕಿಕೊಂಡು ಹುಡುಗರನ್ನು ತಯಾರು ಮಾಡುವ ಪದ್ಧತಿ ಇತ್ತು, ಗ್ವೆಲ್ಫ್ ತಂಡ ನ್ಯೂಯಾರ್ಕ್ ರೇಂಜರ್ಸ್ ಆಸರೆಯಲ್ಲಿತ್ತು. 1952ರಲ್ಲಿ ಅದು ಮೆಮೋರಿಯಲ್ ಕಪ್ ಗೆದ್ದಿತು. ಕೆನಡಾದ ಜೂನಿಯರ್ ಹಾಕಿಯಲ್ಲಿ ಅದಕ್ಕಿಂತ ದೊಡ್ಡ ಕಪ್ ಇಲ್ಲ. ಆಮೇಲೆ ಹೆಸರು ಗ್ವೆಲ್ಫ್ ರಾಯಲ್ಸ್ ಅಂತಾಯಿತು, 1963ರಲ್ಲಿ ತಂಡ ಕಿಚನರ್‌ಗೆ ಬಂತು. ಹೆಸರು, ನೀಲಿ ಕೆಂಪು ಬಿಳಿ ಬಣ್ಣ, ಎಲ್ಲ ನ್ಯೂಯಾರ್ಕಿನದೇ. ಎನ್‌ಎಚ್‌ಎಲ್ ತಂಡಗಳು ಜೂನಿಯರ್ ತಂಡ ಸಾಕುವುದನ್ನು ಅರವತ್ತರ ದಶಕದ ಕೊನೆಗೆ ಬಿಟ್ಟವು. ಬಣ್ಣ ಮಾತ್ರ ಉಳಿಯಿತು, ತಂಡ ಊರಿನದಾಯಿತು.

ಆಟ ನಡೆಯುವುದು 1951ರಲ್ಲಿ ಶುರುವಾದ ಮೆಮೋರಿಯಲ್ ಆಡಿಟೋರಿಯಂನಲ್ಲಿ. ಇಲ್ಲಿಯವರು ಚಿಕ್ಕದಾಗಿ 'ಆಡ್' ಅನ್ನುತ್ತಾರೆ. ಕನ್ನಡದವರ ಕಿವಿಗೆ ಅದು 'ಆಡು' ಅಂದ ಹಾಗೇ ಕೇಳುತ್ತದೆ, ನನಗಂತೂ ಆ ಹೆಸರು ತುಂಬಾ ಇಷ್ಟ.

ಮೊದಲ ವರ್ಷಗಳಲ್ಲಿ ಕಪ್ ಬರಲಿಲ್ಲ, ಆಟಗಾರರು ಬಂದರು. ವಾಲ್ಟ್ ಕಚುಕ್ ಇಲ್ಲಿ ಆಡಿ ನ್ಯೂಯಾರ್ಕಿಗೆ ಹೋದವರು. ಲ್ಯಾರಿ ರಾಬಿನ್ಸನ್ 1970-71ರಲ್ಲಿ ಇಲ್ಲಿದ್ದರು, ಆಮೇಲೆ ಮಾಂಟ್ರಿಯಲ್ ಪರ ಆರು ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್‌ನ ಕಪ್, ಗೆದ್ದರು.

ಊರಿನ ಹಳಬರ ಮುಖ ಅರಳುವುದು ಮಾತ್ರ 1982 ಅಂದಾಗ. ಅದರ ಹಿಂದಿನ ವರ್ಷ ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ಕಾರ್ನ್‌ವಾಲ್ ರಾಯಲ್ಸ್ ಎದುರು ಸೋತಿದ್ದರು. 1982ರಲ್ಲಿ ಕೋಚ್ ಜೋ ಕ್ರೋಜಿಯರ್ ಕೈಲಿ ಎಂಥ ಹುಡುಗರಿದ್ದರು ನೋಡಿ. ಗೋಲಿನ ಮೇಲೆ ಗೋಲು ಹೊಡೆಯುವ ಬ್ರಯನ್ ಬೆಲೋಸ್. ನೋವಾ ಸ್ಕೋಷಿಯಾದ ಕಡೆಯಿಂದ ಬಂದ ಆಲ್ ಮೆಕಿನಿಸ್, ಮುಂದೆ ಅವರ ಸ್ಲ್ಯಾಪ್ ಶಾಟ್‌ಗೆ, ಅಂದರೆ ಕೋಲು ಬೀಸಿ ಹೊಡೆಯುವ ಜೋರು ಹೊಡೆತಕ್ಕೆ, ಎನ್‌ಎಚ್‌ಎಲ್ ಗೋಲ್ ಕೀಪರ್‌ಗಳೇ ಹೆದರುತ್ತಿದ್ದರು. ಮತ್ತೆ ಸ್ಕಾಟ್ ಸ್ಟೀವನ್ಸ್, ಇದೇ ಕಿಚನರ್‌ನಲ್ಲಿ ಹುಟ್ಟಿದ ಹುಡುಗ, ಇಲ್ಲಿ ಆಡಿದ್ದು ಒಂದೇ ಸೀಸನ್, ಮುಂದಿನ ವರ್ಷ ನೇರವಾಗಿ ಎನ್‌ಎಚ್‌ಎಲ್‌ನ ವಾಷಿಂಗ್ಟನ್ ತಂಡಕ್ಕೆ. ಫೈನಲ್‌ನಲ್ಲಿ ಶರ್ಬ್ರೂಕ್ ತಂಡವನ್ನು 7-4ರಿಂದ ಸೋಲಿಸಿ ಮೊದಲ ಮೆಮೋರಿಯಲ್ ಕಪ್ ತಂದರು. ಮೆಕಿನಿಸ್, ಸ್ಟೀವನ್ಸ್ ಇಬ್ಬರೂ 2007ರಲ್ಲಿ ಒಂದೇ ದಿನ ಹಾಕಿ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ಇಬ್ಬರೂ ಇದೇ ಮಂಜುಗಡ್ಡೆಯ ಮೇಲೆ ಓಡಾಡಿದವರು ಅಂತ ಇಲ್ಲಿಯ ಜನ ಈಗಲೂ ಹೇಳಿಕೊಳ್ಳುತ್ತಾರೆ.

ಸೋಲುಗಳನ್ನೂ ಅಷ್ಟೇ ಚೆನ್ನಾಗಿ ನೆನಪಿಟ್ಟಿದ್ದಾರೆ. 1984ರಲ್ಲಿ ಮೆಮೋರಿಯಲ್ ಕಪ್ ಟೂರ್ನಿ ಕಿಚನರ್‌ನಲ್ಲೇ ನಡೆಯಿತು. ಸ್ವಂತ ಜನರ ಎದುರು ಫೈನಲ್‌ನಲ್ಲಿ ಒಟ್ಟಾವ 67ಸ್ ಕೈಲಿ 7-2ರ ಸೋಲು. 1990ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಎರಿಕ್ ಲಿಂಡ್ರೋಸ್ ಇದ್ದ ಓಶಾವಾ ತಂಡದ ಜೊತೆ ಫೈನಲ್, ಎರಡು ಓವರ್‌ಟೈಮ್ ಆಡಿ 4-3ರಲ್ಲಿ ಸೋತರು. ಆ ರಾತ್ರಿಯ ಬಗ್ಗೆ ಪಕ್ಕದ ಸೀಟಿನವರು ಹೇಳಲು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ನಾನೂ ಮುಂದೆ ಕೇಳಲಿಲ್ಲ.

ಎರಡನೇ ಕಪ್ 2003ರಲ್ಲಿ ಕ್ವಿಬೆಕ್ ಸಿಟಿಯಲ್ಲಿ. ಕೋಚ್ ಪೀಟರ್ ಡಿಬೋರ್, ತಂಡದಲ್ಲಿ ಡೆರೆಕ್ ರಾಯ್, ಮೈಕ್ ರಿಚರ್ಡ್ಸ್, ಡೇವಿಡ್ ಕ್ಲಾರ್ಕ್‌ಸನ್, ಗ್ರೆಗರಿ ಕ್ಯಾಂಬೆಲ್. ಫೈನಲ್‌ನಲ್ಲಿ ಹಲ್ ತಂಡದ ಮೇಲೆ 6-3. ಒಂಬತ್ತು ವರ್ಷ ಬಿಟ್ಟು 2012ರ ಸ್ಟ್ಯಾನ್ಲಿ ಕಪ್ ಫೈನಲ್ ನೋಡಿದರೆ ನ್ಯೂಜೆರ್ಸಿ ಕಡೆ ಕೋಚ್ ಡಿಬೋರ್, ಜೊತೆಗೆ ಕ್ಲಾರ್ಕ್‌ಸನ್. ಎದುರು ಲಾಸ್ ಏಂಜಲೀಸ್ ಕಡೆ ರಿಚರ್ಡ್ಸ್. ಗೆದ್ದಿದ್ದು ರಿಚರ್ಡ್ಸ್.

2008ರಲ್ಲಿ ತಾವು ಆಡುವ ಒಂಟಾರಿಯೋ ಹಾಕಿ ಲೀಗ್ ಗೆದ್ದರು, ಮೆಮೋರಿಯಲ್ ಕಪ್ ಮತ್ತೆ ಮನೆಯಂಗಳದಲ್ಲೇ ನಡೆಯಿತು, ಮತ್ತೆ ಫೈನಲ್‌ನಲ್ಲಿ ಸೋತರು. ಈ ಸಲ ಸ್ಪೊಕೇನ್ ಚೀಫ್ಸ್ ಗೆದ್ದಿತು, 4-1. ಸ್ಪೊಕೇನ್ ಹುಡುಗರು ಕಪ್ಪನ್ನು ಕೈಯಿಂದ ಕೈಗೆ ದಾಟಿಸುವಾಗ ಬುಡ ಕಳಚಿ ಬಿದ್ದುಬಿಟ್ಟಿತು. ಪುಣ್ಯಕ್ಕೆ ಅದು ನಕಲು ಕಪ್ ಆಗಿತ್ತು.

ಒಬ್ಬ ಹುಡುಗನ ಬಗ್ಗೆ ಮಾತ್ರ ಹೇಳಲೇಬೇಕು. ಬೆನ್ ಫನೆಲಿ. 2009ರ ಅಕ್ಟೋಬರ್ ಕೊನೆಯಲ್ಲಿ ಇದೇ ಆಡ್‌ನಲ್ಲಿ ಎದುರಾಳಿಯೊಬ್ಬ ಜೋರಾಗಿ ಬಂದು ಗುದ್ದಿದ. ಹೆಲ್ಮೆಟ್ ಹಾರಿಹೋಯಿತು, ತಲೆಬುರುಡೆ ಬಿರುಕು ಬಿಟ್ಟಿತು. ಆಗ ಅವನಿಗೆ ಬರೀ ಹದಿನಾರು. ಬದುಕಿದರೆ ಸಾಕು ಅಂತ ಇಡೀ ಊರು ಕಾದಿತ್ತು. ಹತ್ತಿರ ಹತ್ತಿರ ಎರಡು ವರ್ಷ ಆಟದಿಂದ ದೂರ ಇದ್ದು, 2011ರಲ್ಲಿ ಅದೇ ಜೆರ್ಸಿ ಹಾಕಿಕೊಂಡು ಅದೇ ಮಂಜುಗಡ್ಡೆಗೆ ಇಳಿದ. ಆಮೇಲೆ ಅದೇ ತಂಡಕ್ಕೆ ಕ್ಯಾಪ್ಟನ್ ಆದ, ಮಿದುಳಿಗೆ ಪೆಟ್ಟಾದವರಿಗೆ ನೆರವಾಗಲು ಹೆಡ್‌ಸ್ಟ್ರಾಂಗ್ ಅಂತ ಸಂಸ್ಥೆಯನ್ನೂ ಕಟ್ಟಿದ. ಕಪ್ ಎಷ್ಟೇ ಬರಲಿ, ನನ್ನ ಲೆಕ್ಕದಲ್ಲಿ ಈ ತಂಡದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಊರು ಯಾಕೆ ಹಚ್ಚಿಕೊಂಡಿದೆ ಅಂದರಲ್ಲ, ಇನ್ನೂ ಒಂದು ಕಾರಣ ಇದೆ. ಹದಿನಾರಕ್ಕೇ ಮನೆ ಬಿಟ್ಟು ಬರುವ ಈ ಹುಡುಗರು ಹಾಸ್ಟೆಲಿನಲ್ಲಿ ಇರುವುದಿಲ್ಲ, ಊರಿನ ಮನೆಗಳಲ್ಲಿ ಮನೆಮಗನ ಹಾಗೆ ಇರುತ್ತಾರೆ. ಇದಕ್ಕೆ ಬಿಲೆಟ್ ಅನ್ನುತ್ತಾರೆ. ಹಿಂದೆ ನಮ್ಮ ಕಡೆ ಬಡ ಹುಡುಗರು ವಾರಾನ್ನ ಮಾಡಿ ಓದುತ್ತಿದ್ದರಲ್ಲ, ನನಗೆ ಅದೇ ನೆನಪಾಗುತ್ತದೆ, ಆದರೆ ಇಲ್ಲಿ ದಿನಕ್ಕೊಂದು ಮನೆ ಅಲ್ಲ, ಇಡೀ ಸೀಸನ್ ಒಂದೇ ಮನೆ. ಗೇಬ್ರಿಯಲ್ ಲ್ಯಾಂಡೆಸ್ಕಾಗ್ ಸ್ವೀಡನ್‌ನಿಂದ ಹದಿನಾರಕ್ಕೇ ಬಂದು, ಇಲ್ಲಿ ಆಡಿ, ಕ್ಯಾಪ್ಟನ್ ಆಗಿ, ಆಮೇಲೆ ಕೊಲರಾಡೋದ ಕ್ಯಾಪ್ಟನ್ ಆಗಿ 2022ರಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿದರು. ಅದೇ ತಂಡದಲ್ಲಿ ನಾಜೆಮ್ ಕಾದ್ರಿ ಕೂಡ ಇದ್ದರು, 2008ರ ಕಿಚನರ್ ಹುಡುಗ. ಟಿವಿ ಮುಂದೆ ಕೂತು ಅದನ್ನು ನೋಡಿದ ಊರವರಿಗೆ ಎಷ್ಟು ಖುಷಿ ಆಗಿರಬೇಡ ಹೇಳಿ.

ಒಂದು ಶುಕ್ರವಾರ ರಾತ್ರಿ ಸುಮ್ನೆ ಹೋಗಿ ಬನ್ನಿ. ಒಳಗೂ ಚಳಿ ಇರುತ್ತದೆ, ಜಾಕೆಟ್ ಬಿಚ್ಚಬೇಡಿ, ಸೀಟಿಗೆ ಹಾಸಿಕೊಳ್ಳಲು ಏನಾದರೂ ಒಯ್ದರೆ ಒಳ್ಳೆಯದು. ನಾನು ಈಗ ಅದೇ ಸಾಲಿನಲ್ಲಿ ಸೀಸನ್ ಟಿಕೆಟ್ ತೆಗೆದುಕೊಂಡಿದ್ದೇನೆ, ಕಳೆದ ಸಲ ಬೋರ್ಡಿಗೆ ಓಟನ್ನೂ ಹಾಕಿದೆ.